ಗಣಿಯ ನಾಡಿನ ಬಡತನ

ಭಾರತದ ಭೂಪಟವನ್ನು ಮುಂದಿಟ್ಟುಕೊಂಡು, ಈ ದೇಶದ ನೆಲದೊಳಗಿನ ಸಂಪತ್ತು ಎಲ್ಲಿ ಹೆಚ್ಚಾಗಿ ಹುದುಗಿದೆಯೆಂದು ಗುರುತು ಹಾಕಹೊರಟರೆ, ನಮ್ಮ ಬೆರಳು ಮೊದಲು ನಿಲ್ಲುವುದು ಪೂರ್ವದಿಕ್ಕಿನ ಛೋಟಾ ನಾಗಪುರದ ಪ್ರಸ್ಥಭೂಮಿಯ ಮೇಲೆ. ಝರಿಯಾದ ಕಲ್ಲಿದ್ದಲು, ಸಿಂಗಭೂಮಿಯ ಕಬ್ಬಿಣದ ಅದಿರು ಮತ್ತು ತಾಮ್ರ, ಕೋಡರ್ಮಾದ ಅಭ್ರಕ, ಲೋಹರದಗಾದ ಬಾಕ್ಸೈಟು, ಇಷ್ಟು ಖನಿಜಗಳು ಇಷ್ಟು ಸಮೀಪದಲ್ಲಿ ದೊರೆಯುವ ಸೀಮೆಗಳು ಲೋಕದಲ್ಲಿಯೇ ವಿರಳ. ಅದರ ಉತ್ತರಕ್ಕೆ ಗಂಗೆಯ ಮೆಕ್ಕಲು ಮಣ್ಣಿನ ಬಯಲು. ಈ ಎರಡೂ ಸೇರಿ ೨೦೦೦ನೆಯ ಇಸವಿಯ ನವೆಂಬರಿನವರೆಗೆ ಬಿಹಾರವೆಂಬ ಒಂದೇ ರಾಜ್ಯವಾಗಿದ್ದುವು. ಅನಂತರ ಪ್ರಸ್ಥಭೂಮಿಯು ಝಾರ್ಖಂಡವೆಂಬ ಹೆಸರಿನಿಂದ ಬೇರೆಯಾಯಿತು.

ಇನ್ನು ಬಡತನದ ಭೂಪಟವನ್ನು ನೋಡೋಣ. ಕೇವಲ ಆದಾಯವನ್ನಲ್ಲದೆ ಆರೋಗ್ಯ, ವಿದ್ಯೆ, ವಾಸದ ಅನುಕೂಲ ಇವುಗಳನ್ನೂ ಗಣನೆಗೆ ತೆಗೆದುಕೊಂಡು ನೀತಿ ಆಯೋಗದವರು ಸಿದ್ಧಪಡಿಸಿದ ಲೆಕ್ಕದಂತೆ, ೨೦೧೫-೧೬ರಲ್ಲಿ ಬಿಹಾರದ ಜನರಲ್ಲಿ ನೂರಕ್ಕೆ ಸುಮಾರು ೫೨ ಮಂದಿ, ಝಾರ್ಖಂಡದಲ್ಲಿ ೪೨ ಮಂದಿ ಬಡವರು. ಕರ್ನಾಟಕದಲ್ಲಿ ೧೩ ಮಂದಿ. ೨೦೧೯-೨೧ರ ವೇಳೆಗೆ ಈ ಅಂಕಿಗಳು ಕ್ರಮವಾಗಿ ೩೪, ೨೯, ೮ ಎಂಬಷ್ಟಕ್ಕೆ ಇಳಿದುವು. ಇಳಿದುದು ಸಂತೋಷವೇ. ಆದರೆ ಎರಡು ಪಟಗಳನ್ನೂ ಒಂದರ ಮೇಲೊಂದಿಟ್ಟು ನೋಡಿದರೆ ಸಂಪತ್ತಿನ ಗುರುತೂ ಬಡತನದ ಗುರುತೂ ಒಂದೇ ಸ್ಥಳದಲ್ಲಿ ಬೀಳುವುದು ಇನ್ನೂ ತಪ್ಪಿಲ್ಲ. ಇದು ಹೇಗೆ ಸಂಭವಿಸಿತೆಂಬುದನ್ನು ಈಗ ವಿಚಾರ ಮಾಡೋಣ.

ಪೇಟೆಯ ವಿದ್ಯಾವಂತರ ಮಾತುಕತೆಯಲ್ಲಿ ಈ ಪ್ರಶ್ನೆಗೆ ಸಿದ್ಧವಾದ ಉತ್ತರಗಳು ಉಂಟು. ಅಲ್ಲಿಯ ಜನ ಸೋಮಾರಿಗಳೆಂಬುದು ಒಂದು. ಆ ಜನರೇ ಬೆಂಗಳೂರಿನ ಕಟ್ಟಡಗಳ ಮೇಲೆ ಉರಿಬಿಸಿಲಿನಲ್ಲಿ ಗಾರೆ ಹೊರುತ್ತಿರುವುದನ್ನು ದಿನವೂ ಕಾಣುವ ನಾವು ಈ ಉತ್ತರವನ್ನು ಪರೀಕ್ಷಿಸಬೇಕಾದ ಅವಶ್ಯಕತೆಯೇ ಇಲ್ಲ. ಮಣ್ಣು ಮಳೆಗಳು ಚೆನ್ನಾಗಿಲ್ಲವೆಂಬುದು ಇನ್ನೊಂದು. ಬಿಹಾರದ ಉತ್ತರ ಭಾಗವನ್ನು ಕೋಸಿ ಮೊದಲಾದ ನದಿಗಳ ಪ್ರವಾಹವು ಮತ್ತೆ ಮತ್ತೆ ಹಾಳುಮಾಡುತ್ತದೆಯೆಂಬುದು ನಿಜ. ೨೦೦೮ರಲ್ಲಿ ಕೋಸಿಯು ಕಟ್ಟೆಯೊಡೆದು ಲಕ್ಷಾಂತರ ಜನರನ್ನು ನಿರ್ವಸತಿಗರನ್ನಾಗಿ ಮಾಡಿತು. ಆದರೂ ಗಂಗೆಯ ಬಯಲಿನ ಮಣ್ಣು ನಮ್ಮ ಕೋಲಾರ ಚಿತ್ರದುರ್ಗಗಳ ಮಣ್ಣಿಗಿಂತ ಕೀಳಾದುದೆಂದು ಹೇಳುವ ಒಕ್ಕಲಿಗನು ಯಾರೂ ಸಿಕ್ಕಲಾರನು.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಈ ಅಂತರವು ಅನಾದಿಯಲ್ಲ. ಪ್ರಧಾನಮಂತ್ರಿಗಳ ಆರ್ಥಿಕ ಸಲಹಾ ಮಂಡಲಿಯು ೨೦೨೪ರಲ್ಲಿ ಪ್ರಕಟಿಸಿದ ಪತ್ರಿಕೆಯೊಂದರಲ್ಲಿ ರಾಜ್ಯಗಳ ತಲಾ ಆದಾಯವನ್ನು ದೇಶದ ಸರಾಸರಿಯೊಡನೆ ಹೋಲಿಸಲಾಗಿದೆ. ಸರಾಸರಿಯನ್ನು ೧೦೦ ಎಂದು ಇಟ್ಟುಕೊಂಡರೆ, ೧೯೬೦-೬೧ರಲ್ಲಿ ಬಿಹಾರದವನ ಆದಾಯ ೭೦ರಷ್ಟಿತ್ತು. ೨೦೨೩-೨೪ರಲ್ಲಿ ಅದು ಸುಮಾರು ೩೩. ನೆರೆಯ ಪಶ್ಚಿಮ ಬಂಗಾಳವು ಅದೇ ಅವಧಿಯಲ್ಲಿ ೧೨೭ರಿಂದ ೮೪ಕ್ಕೆ ಇಳಿಯಿತು. ಕರ್ನಾಟಕವಾದರೋ ಸರಾಸರಿಯ ಆಸುಪಾಸಿನಿಂದ ಹೊರಟು ೧೮೧ನ್ನು ಮುಟ್ಟಿದೆ. ಅಂದರೆ, ಅರುವತ್ತು ವರ್ಷಗಳ ಹಿಂದೆ ಒಬ್ಬರನ್ನೊಬ್ಬರು ನೋಡಬಹುದಾದಷ್ಟು ದೂರದಲ್ಲಿ ನಡೆಯುತ್ತಿದ್ದವರು ಇಂದು ಕೂಗಿದರೂ ಕೇಳಿಸದಷ್ಟು ದೂರವಾಗಿದ್ದಾರೆ. ಮಣ್ಣೂ ಮಳೆಯೂ ಅರುವತ್ತು ವರ್ಷಗಳಲ್ಲಿ ಇಷ್ಟು ಬದಲಾಗುವುದಿಲ್ಲ. ಮನುಷ್ಯರು ಮಾಡಿದ ಕಟ್ಟಳೆಗಳಲ್ಲಿಯೇ ಕಾರಣವನ್ನು ಹುಡುಕಬೇಕು.

ಮೊದಲನೆಯ ಕಟ್ಟಳೆ ಹಳೆಯದು. ೧೭೯೩ರಲ್ಲಿ ಕಾರ್ನ್‌ವಾಲಿಸನು ಬಂಗಾಳ ಬಿಹಾರ ಒರಿಸ್ಸಗಳಲ್ಲಿ ಕಾಯಂ ಜಮಾಬಂದಿಯನ್ನು ಸ್ಥಾಪಿಸಿದನು. ಜಮೀನ್ದಾರನು ಕುಂಪಣಿಗೆ ಕೊಡಬೇಕಾದ ಕಂದಾಯವನ್ನು ಎಂದೆಂದಿಗೂ ಬದಲಾಗದಂತೆ ಗೊತ್ತುಪಡಿಸಿದುದೇ ಇದರ ತಿರುಳು. ಉಳುವವನಿಂದ ಜಮೀನ್ದಾರನು ಎಷ್ಟು ಕಿತ್ತುಕೊಳ್ಳುವನೆಂಬುದಕ್ಕೆ ಮಾತ್ರ ಅಂತಹ ಮಿತಿಯಿರಲಿಲ್ಲ. ಇದರಿಂದ ಎರಡು ಪರಿಣಾಮಗಳಾದುವು. ಉಳುವವನು ಹೊಲದಲ್ಲಿ ಬಾವಿ ತೋಡಿ ಬೆಳೆ ಹೆಚ್ಚಿಸಿದರೆ ಹೆಚ್ಚಿದುದು ಗೇಣಿಯಾಗಿ ಹೋಗುತ್ತಿತ್ತು. ಸರಕಾರವು ನಾಲೆ ತೋಡಿಸಿದರೆ ಅದಕ್ಕೆ ಕಂದಾಯವೇನೂ ಹೆಚ್ಚುತ್ತಿರಲಿಲ್ಲ. ಆದುದರಿಂದ ಇಬ್ಬರೂ ಸುಮ್ಮನಿದ್ದರು. ೨೦೦೫ರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ ಎಂಬ ಅರ್ಥಶಾಸ್ತ್ರಜ್ಞರು ಬ್ರಿಟಿಷ್ ಭಾರತದ ಜಿಲ್ಲೆಗಳನ್ನು ಹೋಲಿಸಿ ನೋಡಿ, ಜಮೀನ್ದಾರರ ಮೂಲಕ ಕಂದಾಯ ಎತ್ತುತ್ತಿದ್ದ ಜಿಲ್ಲೆಗಳು ಸ್ವಾತಂತ್ರ್ಯ ಬಂದು ದಶಕಗಳು ಕಳೆದ ಮೇಲೆಯೂ ಬೆಳೆಯ ಇಳುವರಿಯಲ್ಲಿ, ಶಾಲೆ ಆಸ್ಪತ್ರೆಗಳಲ್ಲಿ ಹಿಂದುಳಿದಿದ್ದುವೆಂದು ತೋರಿಸಿದರು. ಆ ವೇಳೆಗೆ ಜಮೀನ್ದಾರಿಯು ಕಾಗದದ ಮೇಲೆ ಸತ್ತು ಬಹುಕಾಲವಾಗಿತ್ತು. ಅದನ್ನು ರದ್ದುಮಾಡುವುದರಲ್ಲಿ ಬಿಹಾರವೇನೂ ಹಿಂದೆಬಿದ್ದಿರಲಿಲ್ಲವೆಂಬುದನ್ನೂ ಇಲ್ಲಿ ಹೇಳುವುದು ನ್ಯಾಯ. ಅದರ ೧೯೫೦ರ ಕಾನೂನನ್ನು ಪಾಟ್ನಾ ಹೈಕೋರ್ಟು ತಳ್ಳಿಹಾಕಿದುದೇ ಸಂವಿಧಾನದ ಮೊದಲನೆಯ ತಿದ್ದುಪಡಿಗೆ ಪ್ರಮುಖವಾದ ಕಾರಣಗಳಲ್ಲೊಂದು. ಆದರೆ ಕಾನೂನು ಬಂದಷ್ಟು ಬೇಗ ಭೂಮಿ ಕೈಬದಲಾಗಲಿಲ್ಲ.

ಎರಡನೆಯ ಕಟ್ಟಳೆಯು ಪರಕೀಯರು ಮಾಡಿದುದಲ್ಲ. ನಮ್ಮವರೇ, ಅದೂ ಸದುದ್ದೇಶದಿಂದ ಮಾಡಿದುದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ವಿವರಿಸಬೇಕಾಗಿದೆ. ಏಕೆಂದರೆ ಬೆಂಗಳೂರು ಮೈಸೂರುಗಳಲ್ಲಿ ವಾಸಿಸುವ ನಮಗೆ ಇದರೊಡನೆ ಸಂಬಂಧವುಂಟು. ಅದನ್ನು ತಿಳಿದವರು ಮಾತ್ರ ಕಡಿಮೆ.

ಉಕ್ಕಿನ ಕಾರ್ಖಾನೆಯನ್ನು ಎಲ್ಲೆಂದರಲ್ಲಿ ಕಟ್ಟಲಾಗದು. ಒಂದು ಟನ್ನು ಕಬ್ಬಿಣಕ್ಕೆ ಒಂದೂವರೆ ಟನ್ನಿಗೂ ಮಿಗಿಲಾಗಿ ಅದಿರು ಬೇಕು. ಅದರ ಮೇಲೆ ಕಲ್ಲಿದ್ದಲು, ಸುಣ್ಣದ ಕಲ್ಲು. ಇಷ್ಟನ್ನೂ ದೂರ ಹೊತ್ತು ತರುವುದಕ್ಕಿಂತ ಅವು ದೊರೆಯುವಲ್ಲಿಯೇ ಕುಲುಮೆ ಹೂಡುವುದು ಜಾಣತನ. ೧೯೦೭ರಲ್ಲಿ ಸ್ಥಾಪಿತವಾದ ಟಾಟಾ ಕಂಪೆನಿಯು ಸಾಕ್ಚಿ ಎಂಬ ಹಳ್ಳಿಯನ್ನು, ಎಂದರೆ ಇಂದಿನ ಜಮ್‌ಶೆಡ್‌ಪುರವನ್ನು, ಆರಿಸಿಕೊಂಡುದು ಈ ಕಾರಣದಿಂದಲೇ. ಇದಕ್ಕೆ ವಿರುದ್ಧವಾದ ನಿದರ್ಶನ ನಮ್ಮಲ್ಲಿಯೇ ಇದೆ. ಭದ್ರಾವತಿಯಲ್ಲಿ ೧೯೨೩ರಲ್ಲಿ ಕುಲುಮೆ ಹೊತ್ತಿದಾಗ ಅದಿರು ಹತ್ತಿರದಲ್ಲಿತ್ತು, ಆದರೆ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಮರವನ್ನು ಸುಟ್ಟು ಇದ್ದಲು ಮಾಡಿ ಕಬ್ಬಿಣ ಕರಗಿಸಬೇಕಾಯಿತು.

ಆದರೆ ಒಂದು ನಾಡಿಗೆ ಐಶ್ವರ್ಯವು ಬರುವುದು ಉಕ್ಕನ್ನು ಕರಗಿಸುವುದರಿಂದ ಅಲ್ಪ, ಆ ಉಕ್ಕಿನಿಂದ ಬೋಲ್ಟು, ಪಂಪು, ಬೈಸಿಕಲ್ಲು, ಎಂಜಿನು, ಮೋಟಾರುಗಾಡಿ ಮಾಡುವುದರಿಂದ ಅಧಿಕ. ಸಾಮಾನ್ಯವಾಗಿ ಇಂತಹ ಕಾರ್ಖಾನೆಗಳು ಉಕ್ಕು ಅಗ್ಗವಾಗಿ ದೊರೆಯುವ ಸ್ಥಳದ ಸುತ್ತಲೂ, ತಾಯಿಯ ಸುತ್ತ ಮಕ್ಕಳಂತೆ, ಬಂದು ನೆರೆಯುತ್ತವೆ. ಜರ್ಮನಿಯ ರೂರ್ ಕಣಿವೆಯೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸುತ್ತುಮುತ್ತಣ ಸೀಮೆಯೂ ಹೀಗೆಯೇ ಬೆಳೆದುವು. ಛೋಟಾ ನಾಗಪುರವೂ ಅದರ ನೆರೆಯ ಬಂಗಾಳದ ಹೌರಾ ಪಟ್ಟಣವೂ ಹೀಗೆಯೇ ಬೆಳೆಯಬೇಕಾಗಿತ್ತು. ಹೌರಾ ಬೆಳೆಯತೊಡಗಿಯೂ ಇತ್ತು.

ಹೀಗಿರಲು ೧೯೫೦ರ ದಶಕದಲ್ಲಿ ಕೇಂದ್ರ ಸರಕಾರವು ಸಾಗಣೆ ದರದ ಸಮೀಕರಣವೆಂಬ ನೀತಿಯನ್ನು ತಂದಿತು. ೧೯೫೬ರ ಹೊತ್ತಿಗೆ ಅದು ಕಬ್ಬಿಣ ಉಕ್ಕುಗಳಿಗೂ ಸಿಮೆಂಟಿಗೂ ಅನ್ವಯವಾಯಿತು. ಅದರ ಮರ್ಮ ಇಷ್ಟೆ: ಉಕ್ಕನ್ನು ಎಷ್ಟೇ ದೂರ ಸಾಗಿಸಿದರೂ, ದೇಶದ ಯಾವ ರೈಲು ಸ್ಟೇಷನ್ನಿನಲ್ಲಿ ಇಳಿಸಿಕೊಂಡರೂ, ಕೊಳ್ಳುವವನು ಒಂದೇ ಬೆಲೆ ಕೊಡತಕ್ಕದ್ದು. ಇದಕ್ಕೆ ಹಣ ಎಲ್ಲಿಂದ ಬರಬೇಕು? ದೇಶದ ಸಾಗಣೆಯ ಒಟ್ಟು ವೆಚ್ಚದ ಸರಾಸರಿಯನ್ನು ತೆಗೆದು ಅದನ್ನು ಪ್ರತಿಯೊಂದು ಟನ್ನಿನ ಬೆಲೆಗೂ ಸೇರಿಸಿಬಿಡುವುದು. ಒಂದು ಕಲ್ಪಿತ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಜಮ್‌ಶೆಡ್‌ಪುರದ ಮಗ್ಗುಲಿನ ಕಾರ್ಖಾನೆಗೆ ಒಂದು ಟನ್ನು ಸಾಗಿಸಲು ನಿಜವಾದ ಬಾಡಿಗೆ ೧೦ ರೂಪಾಯಿ, ಬೆಂಗಳೂರಿಗೆ ೧೦೦ ರೂಪಾಯಿ, ದೇಶದ ಸರಾಸರಿ ೬೦ ರೂಪಾಯಿ ಎಂದಿಟ್ಟುಕೊಳ್ಳೋಣ. ನೀತಿಯಂತೆ ಇಬ್ಬರೂ ೬೦ ರೂಪಾಯಿ ಕೊಡುತ್ತಾರೆ. ಬೆಂಗಳೂರಿನವನಿಗೆ ೪೦ ಉಳಿಯಿತು. ಗಣಿಯ ಬಾಗಿಲಲ್ಲಿ ಕುಳಿತವನು ತಾನು ಕಾಣದ ರೈಲಿನ ಬಾಡಿಗೆಗೆ ೫೦ ರೂಪಾಯಿ ಕೈಯಿಂದ ತೆತ್ತನು.

ಇದನ್ನು ಮಾಡಿದವರ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ಕೈಗಾರಿಕೆಯು ಕಲ್ಕತ್ತ ಮುಂಬಯಿಗಳಲ್ಲಿಯೇ ಗುಂಪುಗೂಡದೆ ದೇಶದ ಮೂಲೆಮೂಲೆಗೂ ಹರಡಲಿ, ಪ್ರಾಂತಗಳ ನಡುವಣ ಅಸಮತೆ ಕಡಿಮೆಯಾಗಲಿ ಎಂಬುದೇ ಅವರ ಆಶಯ. ಆದರೆ ಹಿಂದುಳಿದ ಸೀಮೆಯೊಂದಕ್ಕೆ ಪ್ರಕೃತಿಯು ಕೊಟ್ಟಿದ್ದ ಒಂದೇ ಒಂದು ಅನುಕೂಲವನ್ನು ಅದು ಕಳೆಯಿತು. ಬಂದರು, ದೊಡ್ಡ ಪೇಟೆ, ಬ್ಯಾಂಕು, ವಿದ್ಯಾಪೀಠಗಳೆಂಬ ಅನುಕೂಲಗಳಿದ್ದ ಸೀಮೆಗಳಿಂದ ಏನನ್ನೂ ಕಳೆಯಲಿಲ್ಲ. ಉಕ್ಕಿನ ಬೆಲೆ ಎಲ್ಲೆಡೆಯೂ ಒಂದೇ ಆದಮೇಲೆ ಉದ್ಯಮಿಯು ಪಾಟ್ನಾಕ್ಕೋ ರಾಂಚಿಗೋ ಏಕೆ ಹೋದಾನು? ಅದಿರೂ ಇಲ್ಲದ ಕಲ್ಲಿದ್ದಲೂ ಇಲ್ಲದ ಲುಧಿಯಾನದಲ್ಲಿ ಬೈಸಿಕಲ್ಲಿನ ಕೈಗಾರಿಕೆ ಬೆಳೆಯಿತು. ಕೊಯಮತ್ತೂರಿನಲ್ಲಿ ಪಂಪು, ರಾಜಕೋಟೆಯಲ್ಲಿ ಡೀಸೆಲ್ ಎಂಜಿನು, ಪುಣೆಯಲ್ಲಿ ಮೋಟಾರುಗಾಡಿ. ಆ ಊರುಗಳ ಜನರ ಸಾಹಸಕ್ಕೆ ಸಲ್ಲಬೇಕಾದ ಮನ್ನಣೆಯನ್ನು ನಾವು ಕಡಿಮೆ ಮಾಡುತ್ತಿಲ್ಲ. ಆದರೆ ಆ ಸಾಹಸದ ಹಿಂದೆ ಪೂರ್ವದೇಶದವರು ತೆತ್ತ ಬಾಡಿಗೆಯೂ ಒಂದಿಷ್ಟು ಉಂಟು.

ನಮ್ಮ ಬೆಂಗಳೂರಿನದೂ ಇದೇ ಕಥೆ. ೧೯೪೦ರಲ್ಲಿ ವಿಮಾನದ ಕಾರ್ಖಾನೆ, ೧೯೪೮ರಲ್ಲಿ ಟೆಲಿಫೋನಿನದು, ೧೯೫೩ರಲ್ಲಿ ಯಂತ್ರೋಪಕರಣಗಳದು, ೧೯೫೪ರಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳದು, ಹೀಗೆ ಇಲ್ಲಿ ಸಾಲಾಗಿ ಬಂದ ಸರಕಾರಿ ಉದ್ಯಮಗಳೂ ಅವುಗಳ ನೆರಳಿನಲ್ಲಿ ಪೀಣ್ಯದಂತಹ ಬಡಾವಣೆಗಳಲ್ಲಿ ಹುಟ್ಟಿದ ನೂರಾರು ಸಣ್ಣ ವರ್ಕ್‌ಶಾಪುಗಳೂ ಜಮ್‌ಶೆಡ್‌ಪುರದವನು ಕೊಟ್ಟ ಬೆಲೆಗೇ ಉಕ್ಕನ್ನು ಕೊಂಡುವು. ಬೆಂಗಳೂರಿನ ಏಳಿಗೆಗೆ ಬೇರೆ ಕಾರಣಗಳೂ ಇದ್ದುವೆಂಬುದರಲ್ಲಿ ಸಂದೇಹವಿಲ್ಲ. ೧೯೦೨ರ ಶಿವನಸಮುದ್ರದ ವಿದ್ಯುತ್ತು, ೧೯೦೯ರ ವಿಜ್ಞಾನ ಮಂದಿರ, ೧೯೧೬ರ ಮೈಸೂರು ವಿಶ್ವವಿದ್ಯಾನಿಲಯ, ಇವೆಲ್ಲ ಈ ನೀತಿಗೆ ದಶಕಗಳ ಮೊದಲೇ ಹಾಕಿದ ಅಡಿಪಾಯ. ಆ ಅಡಿಪಾಯದ ಮೇಲೆ ಗೋಡೆಯೆಬ್ಬಿಸುವ ಕಾಲಕ್ಕೆ ಉಕ್ಕು ಸಿಮೆಂಟುಗಳ ಬಾಡಿಗೆಯಲ್ಲಿ ನಮಗೆ ರಿಯಾಯಿತಿ ದೊರೆಯಿತೆಂಬುದಷ್ಟೇ ನಮ್ಮ ಮಾತು.

ಎಲ್ಲ ಪದಾರ್ಥಗಳಿಗೂ ಇದೇ ನ್ಯಾಯವಿದ್ದಿದ್ದರೆ ಲೆಕ್ಕ ಸರಿಹೋಗುತ್ತಿತ್ತೇನೋ. ಗುಜರಾತು, ವಿದರ್ಭ, ನಮ್ಮ ಧಾರವಾಡದ ಕಡೆಯ ಹತ್ತಿಗೆ ಈ ಸಮೀಕರಣ ಇರಲಿಲ್ಲ. ಬಿಹಾರದಲ್ಲಿ ಬಟ್ಟೆಯ ಗಿರಣಿ ಹೂಡಬೇಕೆಂದವನು ಹತ್ತಿಯ ಬಾಡಿಗೆಯನ್ನು ಪೂರ್ತಿಯಾಗಿ ಕೊಡಬೇಕಾಗಿತ್ತು. ಪೂರ್ವದ ನಾಯಕರು ಈ ಪಕ್ಷಪಾತವನ್ನು ಎತ್ತಿ ಆಡಿದುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ ಅದಕ್ಕೆ ಮೂರೂವರೆ ದಶಕಗಳಷ್ಟು ಕಾಲ ಹಿಡಿದುದು. ೧೯೯೦ರ ದಶಕದ ಮೊದಲ ವರ್ಷಗಳಲ್ಲಿ ಆರ್ಥಿಕ ಸುಧಾರಣೆಗಳ ಜೊತೆಗೆ ಉಕ್ಕಿನ ಸಮೀಕರಣವೂ ರದ್ದಾಯಿತು.

ರದ್ದಾದ ಕೂಡಲೆ ಕಾರ್ಖಾನೆಗಳು ಪೂರ್ವಕ್ಕೆ ಮರಳಲಿಲ್ಲ. ಒಂದೂರಿನಲ್ಲಿ ಮೂವತ್ತು ವರ್ಷ ಒಂದು ಕಸುಬು ನೆಲೆಸಿದರೆ ಅಲ್ಲಿ ಕುಶಲಿಗಳಾದ ಫಿಟ್ಟರು ಟರ್ನರುಗಳು, ಬಿಡಿಭಾಗ ಒದಗಿಸುವವರು, ಸಾಲ ಕೊಡುವ ಬ್ಯಾಂಕು, ಕೆಲಸ ಕಲಿಸುವ ಶಾಲೆ ಎಲ್ಲ ಕೂಡಿರುತ್ತವೆ. ಟನ್ನಿಗೆ ನಾಲ್ಕು ಕಾಸಿನ ಲಾಭಕ್ಕಾಗಿ ಇವನ್ನೆಲ್ಲ ಬಿಟ್ಟು ಹೋಗುವವರಾರು? ಕಟ್ಟಳೆಯನ್ನು ಒಂದು ರುಜುವಿನಿಂದ ಅಳಿಸಬಹುದು. ಅದು ಬಿಟ್ಟುಹೋದ ಊರುಗಳನ್ನು ಅಳಿಸಲಾಗುವುದಿಲ್ಲ.

ಪೂರ್ವದ ದಾರಿದ್ರ್ಯವನ್ನೆಲ್ಲ ಈ ಒಂದು ನೀತಿಯ ತಲೆಗೆ ಕಟ್ಟುವವರೂ ಉಂಟು. ನಾವು ಅಷ್ಟು ದೂರ ಹೋಗಲಾರೆವು. ಬಂಗಾಳದ ಇಳಿತಕ್ಕೆ ೧೯೪೭ರ ದೇಶವಿಭಜನೆ, ೧೯೬೦ರ ದಶಕದ ಕೊನೆಯ ಕಾರ್ಮಿಕ ಕಲಹಗಳು, ರೈಲ್ವೆಯವರು ವ್ಯಾಗನುಗಳ ಕೊಳ್ಳಿಕೆಯನ್ನು ಮೊಟಕುಗೊಳಿಸಿದುದು ಇವೂ ಸೇರಿವೆ. ಬಿಹಾರದಲ್ಲಿ ಶಾಲೆ ರಸ್ತೆ ಪೊಲೀಸು ಎಂಬ ಸರಕಾರದ ಮೊದಲ ಕರ್ತವ್ಯಗಳೇ ಬಹುಕಾಲ ಸೊರಗಿದ್ದುವು. ಅದರ ಹೊಣೆಯನ್ನು ದೆಹಲಿಯ ಮೇಲೆ ಹೊರಿಸಿದರೆ ಪಾಟ್ನಾದಲ್ಲಿ ಆಳಿದವರನ್ನು ತೀರ ಸುಲಭವಾಗಿ ಬಿಟ್ಟುಬಿಟ್ಟಂತಾಗುತ್ತದೆ. ಗಣಿಯ ಉತ್ಪನ್ನದಲ್ಲಿ ರಾಜ್ಯಕ್ಕೆ ಸಲ್ಲುವ ರಾಯಧನದ ದರವನ್ನು ೧೯೫೭ರ ಕಾಯಿದೆಯಂತೆ ನಿಗದಿ ಮಾಡುವವರು ಕೇಂದ್ರದವರೇ ಹೊರತು ರಾಜ್ಯದವರಲ್ಲ. ಖನಿಜದ ಹಕ್ಕಿನ ಮೇಲೆ ರಾಜ್ಯಗಳು ತೆರಿಗೆ ಹಾಕಬಹುದೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಬಹುಮತದಿಂದ ತೀರ್ಪಿತ್ತುದು ೨೦೨೪ರ ಜುಲೈನಲ್ಲಿ. ದಾಮೋದರ ನದಿಗೆ ಕಟ್ಟಿದ ಅಣೆಕಟ್ಟುಗಳಿಂದ ಮುಳುಗಿದ ನೆಲ ಬಹುಮಟ್ಟಿಗೆ ಮೇಲಣ ಬಿಹಾರದ್ದು, ನೀರುಂಡ ನೆಲ ಕೆಳಗಣ ಬಂಗಾಳದ್ದು. ನೆಲ ಬಿಟ್ಟೆದ್ದವರಲ್ಲಿ ಆದಿವಾಸಿಗಳು ಅನೇಕರು. ಬ್ಯಾಂಕುಗಳ ರೀತಿಯೂ ಇದೇ. ಬಿಹಾರದವನು ಇಟ್ಟ ಠೇವಣಿಯಲ್ಲಿ ಅಲ್ಲಿಯೇ ಸಾಲವಾಗಿ ತಿರುಗುವ ಪಾಲು ದೇಶದ ಸರಾಸರಿಗಿಂತ ಬಹುಕಾಲದಿಂದ ಕಡಿಮೆ. ತಮಿಳುನಾಡಿನಲ್ಲಾದರೋ ಠೇವಣಿಗಿಂತ ಸಾಲವೇ ಹೆಚ್ಚು. ಬಡವನ ಉಳಿತಾಯವು ಸಿರಿವಂತ ಸೀಮೆಯ ಬಂಡವಾಳವಾಗುವ ಈ ದಾರಿ ಸದ್ದಿಲ್ಲದ್ದು.

ಈಗ ನಮ್ಮ ಕಡೆ ಎದ್ದಿರುವ ವಾದವೊಂದನ್ನು ಎತ್ತಿಕೊಳ್ಳೋಣ. ಕೇಂದ್ರವು ಸಂಗ್ರಹಿಸುವ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚತಕ್ಕ ಪಾಲನ್ನು ಹಣಕಾಸು ಆಯೋಗವು ಗೊತ್ತುಮಾಡುತ್ತದೆ. ೨೦೨೧ರಿಂದ ೨೦೨೬ರವರೆಗಿನ ಅವಧಿಗೆ ಹದಿನೈದನೆಯ ಆಯೋಗವು ಹಂಚಿಕೆಯ ಅಳತೆಗೋಲಿನಲ್ಲಿ ನೂರಕ್ಕೆ ೪೫ರಷ್ಟು ತೂಕವನ್ನು ತಲಾ ಆದಾಯದ ಕೊರತೆಗೇ ಕೊಟ್ಟಿತು. ಅದರಂತೆ ಬಿಹಾರಕ್ಕೆ ನೂರಕ್ಕೆ ಸುಮಾರು ೧೦ ಭಾಗ ಬಂದಿತು. ಕರ್ನಾಟಕದ ಭಾಗವು ಹಿಂದಿನ ಆಯೋಗದ ೪.೭೧ರಿಂದ ೩.೬೫ಕ್ಕೆ ಇಳಿಯಿತು. ದುಡಿದವರು ನಾವು, ಉಣ್ಣುವವರು ಅವರು ಎಂಬ ಮಾತು ಇದರಿಂದ ಹುಟ್ಟಿತು. ಇಷ್ಟು ತೀವ್ರವಾಗಿ ಒಂದೇ ಬಾರಿಗೆ ಪಾಲನ್ನು ಇಳಿಸಿದುದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯವೂ ಹೌದು. ಆದರೆ ಲೆಕ್ಕದ ಪುಸ್ತಕವನ್ನು ಈಚಿನ ಪುಟದಿಂದ ಮಾತ್ರ ಓದುವುದು ವರ್ತಕರ ಪದ್ಧತಿಯಲ್ಲ. ಇಂದು ತೆರಿಗೆಯಾಗಿ ಉತ್ತರಪೂರ್ವಕ್ಕೆ ಹೋಗುತ್ತಿರುವ ಹಣವು ಕಣ್ಣಿಗೆ ಕಾಣುತ್ತದೆ, ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಅಂದು ಉಕ್ಕಿನ ಬೆಲೆಯಲ್ಲಿ ಅಡಗಿ ಅಲ್ಲಿಂದ ಇಲ್ಲಿಗೆ ಬಂದ ಹಣವನ್ನು ಯಾವ ಆಯವ್ಯಯದಲ್ಲಿಯೂ ಬರೆದಿಡಲಿಲ್ಲ.

ಸರಾಸರಿಯೆಂಬುದು ಎಷ್ಟನ್ನು ಮುಚ್ಚಿಡುತ್ತದೆಂಬುದಕ್ಕೆ ನಮ್ಮ ಮನೆಯನ್ನೇ ನೋಡಬಹುದು. ಕರ್ನಾಟಕದ ತಲಾ ಆದಾಯ ದೇಶದ ಸರಾಸರಿಯ ಹತ್ತಿರಹತ್ತಿರ ಎರಡರಷ್ಟು ಎಂದೆವಷ್ಟೆ. ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿಯು ೨೦೦೨ರಲ್ಲಿ ಸರಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಆಗಿದ್ದ ೧೭೫ ತಾಲ್ಲೂಕುಗಳನ್ನು ಮೂವತ್ತೈದು ಸೂಚಕಗಳಿಂದ ಅಳೆದು, ೧೧೪ ತಾಲ್ಲೂಕುಗಳು ಹಿಂದುಳಿದುವೆಂದು ಕಂಡಿತು. ಅತ್ಯಂತ ಹಿಂದುಳಿದುವು ೩೯. ಅವುಗಳಲ್ಲಿ ೨೧ ಗುಲ್ಬರ್ಗ ವಿಭಾಗವೊಂದರಲ್ಲಿಯೇ ಇದ್ದುವು, ಆ ವಿಭಾಗದಲ್ಲಿದ್ದ ಒಟ್ಟು ತಾಲ್ಲೂಕುಗಳು ೩೧. ಮೈಸೂರು ವಿಭಾಗದ ೪೪ ತಾಲ್ಲೂಕುಗಳಲ್ಲಿ ಅಂತಹವು ಎರಡೇ. ಒಂದು ಭಾಗವನ್ನು ಮೈಸೂರಿನ ಅರಸರೂ ದಿವಾನರೂ ಆಳಿದರು, ಬಹುಪಾಲು ಇನ್ನೊಂದನ್ನು ನಿಜಾಮರೂ ಅವರ ಜಾಗೀರುದಾರರೂ ಆಳಿದರು. ೧೯೫೬ರಲ್ಲಿ ಎರಡೂ ಒಂದಾದುವು, ಆದರೆ ಶಾಲೆಗಳೂ ನಾಲೆಗಳೂ ಒಂದೇ ದಿನದಲ್ಲಿ ಸಮನಾಗಲಿಲ್ಲ. ಸಮಿತಿಯು ಎಂಟು ವರ್ಷಗಳಲ್ಲಿ ೩೧,೦೦೦ ಕೋಟಿ ರೂಪಾಯಿಗಳ ವಿಶೇಷ ಯೋಜನೆಯನ್ನು ಸೂಚಿಸಿತು. ಮುಂದೆ ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ೩೭೧ ಜೆ ವಿಧಿಯು ಬಂದು, ಆ ಸೀಮೆಯವರಿಗೆ ಉದ್ಯೋಗದಲ್ಲಿಯೂ ವಿದ್ಯಾಲಯಗಳಲ್ಲಿಯೂ ಮೀಸಲಾತಿ ದೊರೆಯಿತು. ಬೆಂಗಳೂರಿನ ತೆರಿಗೆಯು ಕಲಬುರಗಿಗೆ ಹೋಗುವುದನ್ನು ನಾವು ದಾನವೆಂದು ಕರೆಯುವುದಿಲ್ಲ. ಪಾಟ್ನಾಕ್ಕೆ ಹೋದರೆ ಮಾತ್ರ ಹಾಗೆ ಕರೆಯುವುದು ಯಾವ ತರ್ಕವೆಂಬುದು ನಮಗೆ ತಿಳಿಯದು.

ಕಟ್ಟಳೆಗಳ ಮಾತು ಒಂದು ಕಡೆಯಾಯಿತು. ಸೀಮೆಗಳ ಅಂತರವನ್ನು ಜನರು ತಮ್ಮದೇ ರೀತಿಯಲ್ಲಿ ತುಂಬಿಕೊಳ್ಳುತ್ತಾರೆ. ಪಾಟ್ನಾದ ಸಮೀಪದ ದಾನಾಪುರಕ್ಕೂ ಬೆಂಗಳೂರಿಗೂ ನಡುವೆ ಸಂಘಮಿತ್ರಾ ಎಂಬ ರೈಲು ಓಡುತ್ತದೆ. ಹಿಂದೆ ಪೂರ್ವದಿಂದ ಉಕ್ಕು ಬರುತ್ತಿದ್ದ ದೂರವನ್ನು ಈಗ ಪೂರ್ವದ ತರುಣರು ಸವೆಸಿ ಬರುತ್ತಾರೆ. ಮನೆ ಕಟ್ಟುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ರಾತ್ರಿ ಬಾಗಿಲು ಕಾಯುವವರು ಇವರಲ್ಲಿದ್ದಾರೆ. ೨೦೨೦ರ ಮೇ ತಿಂಗಳ ಮೊದಲಲ್ಲಿ, ಕೊರೋನಾ ರೋಗದ ನಿರ್ಬಂಧದ ನಡುವೆ, ಊರಿಗೆ ಹೊರಟ ಇಂತಹ ಕೆಲಸಗಾರರಿಗಾಗಿ ಬೆಂಗಳೂರಿನಿಂದ ವಿಶೇಷ ರೈಲುಗಳು ಹೊರಟುವು. ಕಟ್ಟಡ ಉದ್ಯಮದ ಪ್ರಮುಖರು ಮುಖ್ಯಮಂತ್ರಿಗಳನ್ನು ಕಂಡುಬಂದ ದಿನವೇ, ಆ ರೈಲುಗಳು ಇನ್ನು ಬೇಡವೆಂದು ರಾಜ್ಯ ಸರಕಾರವು ರೈಲ್ವೆಗೆ ಬರೆಯಿತು. ದೇಶದಲ್ಲೆಲ್ಲ ಅದಕ್ಕೆ ಆಕ್ಷೇಪಣೆ ಎದ್ದಿತು. ಕೆಲವೇ ದಿನಗಳಲ್ಲಿ ಸರಕಾರವು ಆ ನಿರ್ಧಾರವನ್ನು ಹಿಂತೆಗೆದುಕೊಂಡು ರೈಲುಗಳನ್ನು ಮತ್ತೆ ಹೊರಡಿಸಿತು. ಹೋದವರಲ್ಲಿ ಅನೇಕರು ಕೆಲವು ತಿಂಗಳುಗಳಲ್ಲಿಯೇ ಅದೇ ಹಳಿಯ ಮೇಲೆ ಬೆಂಗಳೂರಿಗೆ ಹಿಂದಿರುಗಿ ಬಂದರು. ಊರಿನಲ್ಲಿ ಅವರಿಗೆ ಕೆಲಸವಿರಲಿಲ್ಲ.